4.5 ಗಿಗಾಹರ್ಟ್ಜ್‌ಗೆ ಕಟ್ಟಿಹಾಕಿದ ಪ್ರೊಸೆಸರ್ ಬೇಸಿಗೆಯಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಬಳ್ಳಾರಿಯಲ್ಲಿ ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡುವ ಕೆಲಸ ನನ್ನದು. ಸಿಸ್ಟಂ 2022ರಲ್ಲಿ ಕಟ್ಟಿಸಿದ್ದು: ರೈಜನ್ 5 5600ಎಕ್ಸ್, ಬಿ450ಎಂ ಮದರ್‌ಬೋರ್ಡ್, 16 ಜಿಬಿ 3200 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್, ಡಬ್ಬಿಯಲ್ಲೇ ಬಂದ ಕೂಲರ್. ಡಿಸೆಂಬರ್‌ನಲ್ಲಿ ಗೆಳೆಯನೊಬ್ಬ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಆರೂ ಕೋರ್‌ಗಳನ್ನು 4.5 ಗಿಗಾಹರ್ಟ್ಜ್, 1.375 ವೋಲ್ಟ್‌ಗೆ ಸೆಟ್ ಮಾಡಿಕೊಟ್ಟ. ರೆಂಡರ್ (ಎಡಿಟ್ ಆದ ವಿಡಿಯೊವನ್ನು ಫೈಲ್ ಆಗಿ ಹೊರತೆಗೆಯುವುದು) ಸ್ವಲ್ಪ ಬೇಗ ಮುಗಿಯುತ್ತಿತ್ತು. ಏಪ್ರಿಲ್ ಬಂದಮೇಲೆ ಮಧ್ಯಾಹ್ನದ ಹೊತ್ತು ರೆಂಡರ್ ಅರ್ಧಕ್ಕೇ ನಿಲ್ಲುತ್ತಿದೆ, ಆಗಾಗ ‘ವೀಯಾ (WHEA) ಅನ್‌ಕರೆಕ್ಟಬಲ್ ಎರರ್’ ಎಂಬ ಬ್ಲೂ ಸ್ಕ್ರೀನ್ ಬರುತ್ತಿದೆ. ಟೆಂಪರೇಚರ್ 94, 95 ತೋರಿಸುತ್ತದೆ. ಸಣ್ಣಪುಟ್ಟ ಕೆಲಸದಲ್ಲಿ ಮೊದಲಿಗಿಂತ ಚುರುಕೂ ಕಾಣುವುದಿಲ್ಲ. ‘ವೋಲ್ಟೇಜ್ 1.4 ಮಾಡಿದರೆ ನಿಲ್ಲುತ್ತದೆ’ ಎಂದು ಗೆಳೆಯ ಹೇಳುತ್ತಾನೆ. ಸ್ಟಾಕ್‌ನಲ್ಲಿ, ಅಂದರೆ ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ, ಇದ್ದಾಗಲೂ ಆಗಾಗ 1.45 ತೋರಿಸುತ್ತಿತ್ತಲ್ಲ, ಹಾಗಾದರೆ 1.4ರಿಂದ ಏನು ತೊಂದರೆ? ಪ್ರೊಸೆಸರ್ ಈಗಾಗಲೇ ಹಾಳಾಗಿದೆಯೇ? ಲಿಕ್ವಿಡ್ ಕೂಲರ್ ಹಾಕಿಸಲೇ? ವಾರಂಟಿ, ಕರೆಂಟ್ ಬಿಲ್‌ನ ಕಥೆ ಏನು?

ಉತ್ತರ: ಇಂದೇ ಬಯೋಸ್‌ಗೆ ಹೋಗಿ ‘ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್’ ಕೊಟ್ಟು ಸೇವ್ ಮಾಡಿ. ಮುಂದಿನದನ್ನು ಆಮೇಲೆ ಓದಿದರೂ ಆಗುತ್ತದೆ. ಗಿರಾಕಿಯ ಮದುವೆ ಫೂಟೇಜ್ ಒಂದೇ ಡ್ರೈವ್‌ನಲ್ಲಿದ್ದರೆ ಇನ್ನೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ಸ್ಥಿರವಲ್ಲದ ಸಿಸ್ಟಂನಲ್ಲಿ ಬ್ಲೂ ಸ್ಕ್ರೀನ್ ಬಂದರೆ ಕನಿಷ್ಠ ತಪ್ಪಾಗಿದೆ ಎಂದು ಗೊತ್ತಾಗುತ್ತದೆ. ಲೆಕ್ಕ ಸದ್ದಿಲ್ಲದೆ ತಪ್ಪಿ, ಫೈಲ್ ಕೆಟ್ಟು, ವಾರ ಕಳೆದಮೇಲೆ ತೆರೆಯದೆ ಹೋಗುವುದು ಅದಕ್ಕಿಂತ ಕೆಟ್ಟದ್ದು.

ನಿಮ್ಮ ಪ್ರೊಸೆಸರ್ ಸುಟ್ಟಿಲ್ಲ. ಸುಟ್ಟಿದ್ದರೆ ಕಂಪ್ಯೂಟರ್ ಆನ್ ಆಗಿ ಬ್ಲೂ ಸ್ಕ್ರೀನ್ ತೋರಿಸುವಷ್ಟು ದೂರವೂ ಬರುತ್ತಿರಲಿಲ್ಲ. ಗೆಳೆಯ ಮಾಡಿದ ಕೆಲಸ ಹದಿನೈದು ವರ್ಷದ ಹಿಂದಿನ ಪ್ರೊಸೆಸರ್‌ಗೆ ಒಪ್ಪುತ್ತಿತ್ತು, ಈ ಪ್ರೊಸೆಸರ್‌ಗೆ ಒಪ್ಪುವುದಿಲ್ಲ.

1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂದಾಗ ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ದುಡ್ಡು ಕೊಡದೆ ಅರ್ಧಪಟ್ಟು ವೇಗ. ಆಗ ಕಾರ್ಖಾನೆಯವರು ಅಷ್ಟು ಜಾಗವನ್ನು ಮುಟ್ಟದೆ ಬಿಟ್ಟಿರುತ್ತಿದ್ದರು. ಈಗ ಹಾಗಿಲ್ಲ. 2020ರ ನವೆಂಬರ್‌ನಲ್ಲಿ ಬಂದ 5600ಎಕ್ಸ್‌ನ ಮೂಲವೇಗ 3.7, ಬೂಸ್ಟ್ 4.6 ಗಿಗಾಹರ್ಟ್ಜ್. ಹಗುರ ಕೆಲಸದಲ್ಲಿ ಒಂದು ಕೋರ್ 4.65 ಮುಟ್ಟುವುದೂ ಸಾಮಾನ್ಯ. ಅಂದರೆ ಪ್ರೊಸೆಸರ್ ತನ್ನನ್ನು ತಾನೇ ಓವರ್‌ಕ್ಲಾಕ್ (ಮೂಲವೇಗಕ್ಕಿಂತ ಮೇಲಕ್ಕೆ ಏರಿಸುವುದು) ಮಾಡಿಕೊಳ್ಳುತ್ತಲೇ ಇರುತ್ತದೆ. ಎಷ್ಟು ಬಿಸಿ ಇದ್ದೇನೆ, ಎಷ್ಟು ಕರೆಂಟ್ ಎಳೆಯುತ್ತಿದ್ದೇನೆ, ಎಷ್ಟು ಕೋರ್ ಕೆಲಸದಲ್ಲಿವೆ ಎಂದು ಕ್ಷಣಕ್ಷಣವೂ ನೋಡಿಕೊಂಡು 25 ಮೆಗಾಹರ್ಟ್ಜ್ ಹೆಜ್ಜೆಗಳಲ್ಲಿ ವೇಗ ಏರಿಸುತ್ತದೆ, ಇಳಿಸುತ್ತದೆ. 4.5 ಎಂದು ಕೈಯಾರೆ ಬರೆದಕೂಡಲೇ ಈ ಜಾಣತನವೆಲ್ಲ ಬಂದ್. ಆರೂ ಕೋರ್ ಸೇರಿ ದುಡಿಯುವ ರೆಂಡರ್‌ನಲ್ಲಿ ಸ್ಟಾಕ್‌ನ 4.3ರ ಆಸುಪಾಸಿನಿಂದ 4.5ಕ್ಕೆ ಹೋದಿರಿ, ಶೇಕಡಾ ನಾಲ್ಕೈದು ಲಾಭ. ಆದರೆ ಒಂದೆರಡು ಕೋರ್ ಸಾಕಾಗುವ ಕೆಲಸಗಳಲ್ಲಿ, ಅಂದರೆ ಟೈಮ್‌ಲೈನ್ ಎಳೆದಾಡುವಾಗ, ಫೋಟೊ ತೆರೆಯುವಾಗ, ಬ್ರೌಸರ್‌ನಲ್ಲಿ, 4.65 ಓಡುತ್ತಿದ್ದದ್ದು 4.5ರಲ್ಲೇ ನಿಂತಿತು. ಮೂರು ಶೇಕಡಾ ನಷ್ಟ. ಚುರುಕಾಗಿಲ್ಲ ಎಂಬ ನಿಮ್ಮ ಅನಿಸಿಕೆ ಸರಿ.

ಆ ನಾಲ್ಕೈದು ಶೇಕಡಾಕ್ಕೆ ತೆತ್ತ ಬೆಲೆಯನ್ನೂ ನೋಡಿ. ಚಿಪ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸ್ಟಾಕ್‌ನಲ್ಲಿ ರೆಂಡರ್ ಮಾಡುವಾಗ 1.2 ವೋಲ್ಟ್ ಇತ್ತು ಎಂದಿಟ್ಟುಕೊಳ್ಳಿ. 1.375 ಭಾಗಿಸು 1.2, ಅದರ ವರ್ಗ 1.31. ಇದನ್ನು ವೇಗದ ಏರಿಕೆ 1.047ರಿಂದ ಗುಣಿಸಿದರೆ 1.37. ಐದಕ್ಕಿಂತ ಕಡಿಮೆ ಶೇಕಡಾ ವೇಗಕ್ಕೆ 37 ಶೇಕಡಾ ಹೆಚ್ಚು ಬಿಸಿ. ಈ ಪ್ರೊಸೆಸರ್‌ಗೆ ಕಾರ್ಖಾನೆ ಹಾಕಿದ ಮಿತಿ 76 ವ್ಯಾಟ್, ನೀವು ನೂರು ದಾಟಿಸಿದ್ದೀರಿ. ಬಿಸಿ ಏರಿದಷ್ಟೂ ಟ್ರಾನ್ಸಿಸ್ಟರ್‌ಗಳಲ್ಲಿ ಸುಮ್ಮನೆ ಸೋರುವ ಕರೆಂಟೂ ಏರುತ್ತದೆ, ಅದು ಇನ್ನಷ್ಟು ಬಿಸಿ. ಡಬ್ಬಿಯಲ್ಲಿ ಬರುವ ರೇತ್ ಸ್ಟೆಲ್ತ್ 65 ವ್ಯಾಟ್ ದರ್ಜೆಯ ಪ್ರೊಸೆಸರ್‌ಗೆಂದು ಮಾಡಿದ ಅಲ್ಯೂಮಿನಿಯಂ ತುಂಡು. ಅದರ ತಪ್ಪೇನೂ ಇಲ್ಲ.

ಡಿಸೆಂಬರ್‌ನಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಯಾಕೆ ಕೆಟ್ಟಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗಾಳಿಯ ಕೂಲರ್ ಆಗಲಿ ನೀರಿನದಾಗಲಿ, ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಎಂದಷ್ಟೇ ಅದು ನಿಲ್ಲಿಸಬಲ್ಲದು. ಡಿಸೆಂಬರ್ ರಾತ್ರಿ ಕೋಣೆ 23 ಡಿಗ್ರಿ ಇದ್ದು ಪ್ರೊಸೆಸರ್ 80ರಲ್ಲಿ ನಿಂತಿದ್ದರೆ, ಕೋಣೆ 38 ಆದ ಏಪ್ರಿಲ್ ಮಧ್ಯಾಹ್ನ ಅದೇ ಕೆಲಸಕ್ಕೆ 95. ಈ ಪ್ರೊಸೆಸರ್‌ನ ಗರಿಷ್ಠ ಮಿತಿಯೇ 95. ಅದೇ ವೇಗಕ್ಕೆ ಬಿಸಿ ಚಿಪ್ ತಂಪು ಚಿಪ್‌ಗಿಂತ ಹೆಚ್ಚು ವೋಲ್ಟೇಜ್ ಕೇಳುತ್ತದೆ. 80 ಡಿಗ್ರಿಯಲ್ಲಿ 1.375 ಸಾಕಾಗಿತ್ತು, 95ರಲ್ಲಿ ಸಾಲುತ್ತಿಲ್ಲ, ಹಾಗಾಗಿ ಬ್ಲೂ ಸ್ಕ್ರೀನ್. ಗೆಳೆಯ ಹೇಳಿದಂತೆ 1.4 ಮಾಡಿದರೆ ಬಿಸಿ ಮತ್ತೂ ಏರುತ್ತದೆ, ಆಗ 1.4 ಕೂಡ ಸಾಲುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಯಾವ ಸೆಟ್ಟಿಂಗನ್ನಾದರೂ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷಿಸಬೇಕು. ಚಳಿಗಾಲದ ರಾತ್ರಿ ಪಾಸಾದದ್ದನ್ನು ನಂಬಬಾರದು. ಗಣಿ ಲಾರಿ ಓಡಾಡುವ ರಸ್ತೆಯ ಹತ್ತಿರ ಮನೆಯಿದ್ದರೆ ಕೂಲರ್‌ನ ರೆಕ್ಕೆಗಳ ಸಂದಿಯನ್ನೂ ಒಮ್ಮೆ ಟಾರ್ಚ್ ಹಾಕಿ ನೋಡಿ. ಕೆಂಪು ಧೂಳು ಕಟ್ಟಿಕೊಂಡಿದ್ದರೆ ಬ್ರಷ್ ಹಿಡಿದು ತೆಗೆಯಿರಿ, ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಂಡೇ ಊದಿ.

ಈಗ 1.45ರ ಪ್ರಶ್ನೆ. ತುಂಬ ಜನ ಇಲ್ಲೇ ಎಡವುತ್ತಾರೆ. ಸ್ಟಾಕ್‌ನಲ್ಲಿ 1.45 ಕಾಣಿಸುವುದು ನಿಜ, ಆದರೆ ಅದು ಒಂದೆರಡು ಕೋರ್ ಮಾತ್ರ ದುಡಿಯುತ್ತ, ಕರೆಂಟ್ ಕಡಿಮೆ ಇದ್ದು, ಚಿಪ್ ತಣ್ಣಗಿರುವಾಗ ಕ್ಷಣಮಾತ್ರ. ಆರೂ ಕೋರ್ ದುಡಿಯತೊಡಗಿದರೆ ಪ್ರೊಸೆಸರ್ ತಾನಾಗಿ 1.2ರ ಆಸುಪಾಸಿಗೆ ಇಳಿಯುತ್ತದೆ. ಸವೆತ ತರುವುದು ವೋಲ್ಟೇಜ್ ಒಂದೇ ಅಲ್ಲ, ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟ್, ಹೆಚ್ಚು ಬಿಸಿ ಈ ಮೂರೂ ಒಟ್ಟಿಗೆ ಗಂಟೆಗಟ್ಟಲೆ ಇರುವುದು. ಹಾಗಿರುವಾಗ ಚಿಪ್‌ನೊಳಗಿನ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ತಂತಿಗಳಲ್ಲಿ ಎಲೆಕ್ಟ್ರಾನ್‌ಗಳ ಹರಿವು ಲೋಹದ ಕಣಗಳನ್ನೇ ಸ್ವಲ್ಪಸ್ವಲ್ಪ ಸರಿಸುತ್ತದೆ, ಟ್ರಾನ್ಸಿಸ್ಟರ್‌ನ ನಿರೋಧಕ ಪದರ ದುರ್ಬಲವಾಗುತ್ತದೆ. ಸ್ಥಿರ 1.4ರಲ್ಲಿ ನಾಲ್ಕು ಗಂಟೆ ರೆಂಡರ್ ಎಂದರೆ ಈ ಮೂರನ್ನೂ ಕೂಡಿಸಿ ಕೊಟ್ಟಂತೆ.

ಪ್ರೊಸೆಸರ್‌ಗಳು ಸುಟ್ಟ ಸುದ್ದಿ ಸುಳ್ಳೇನಲ್ಲ. 2023ರ ಏಪ್ರಿಲ್‌ನಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಉಬ್ಬಿ ಸುಟ್ಟವು. ರ‍್ಯಾಮ್ ಪ್ರೊಫೈಲ್ ಹಾಕಿದಾಗ ಎಸ್‌ಒಸಿ ವೋಲ್ಟೇಜ್ (ಚಿಪ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ ವೋಲ್ಟೇಜ್) ಅತಿಯಾಗಿ ಏರುತ್ತಿತ್ತು, ಎಎಂಡಿ ಹೊಸ ಬಯೋಸ್ ತಂದು ಅದನ್ನು 1.3 ವೋಲ್ಟ್‌ಗೆ ಕಟ್ಟಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಅಸ್ಥಿರವಾದದ್ದಕ್ಕೂ ಅಗತ್ಯ ಮೀರಿದ ವೋಲ್ಟೇಜೇ ಕಾರಣವೆಂದು ಕಂಪನಿಯೇ ಹೇಳಿ, ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ತಂತ್ರಾಂಶ) ಬದಲಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಎರಡೂ ನಿಮ್ಮ ಎಎಂ4 ಸಾಕೆಟ್‌ನ ಸಿಸ್ಟಂಗೆ ಸಂಬಂಧವಿಲ್ಲದ ಪ್ರಕರಣಗಳು. ಎರಡರಲ್ಲೂ ಕೈಕೊಟ್ಟದ್ದು ಗಿಗಾಹರ್ಟ್ಜ್ ಅಲ್ಲ, ವೋಲ್ಟ್ ಎಂಬುದನ್ನು ಗಮನಿಸಿದರೆ ಸಾಕು.

ನಿಮ್ಮ ಚಿಪ್‌ಗೆ ಈ ಕೆಲವು ತಿಂಗಳಲ್ಲಿ ಪೆಟ್ಟು ಬಿದ್ದಿದೆಯೇ ಎಂದು ಮನೆಯಲ್ಲೇ ನೋಡಬಹುದು. ಬಯೋಸ್ ಡಿಫಾಲ್ಟ್‌ನಲ್ಲಿರಲಿ, ರ‍್ಯಾಮ್‌ನ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಕೂಡ ಆಫ್ ಇರಲಿ. ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಇದೆ, ಅದು ಪ್ರೈಮ್95 ಪರೀಕ್ಷೆಯನ್ನು ಒಂದೊಂದೇ ಕೋರ್ ಮೇಲೆ ಸರದಿಯಂತೆ ಓಡಿಸುತ್ತದೆ. ರಾತ್ರಿಯಿಡೀ ಬಿಡಿ. ತಪ್ಪಿಲ್ಲದೆ ಬೆಳಗಾದರೆ ಚಿಪ್ ಚೆನ್ನಾಗಿದೆ, ಬಹುಪಾಲು ಹಾಗೇ ಆಗುತ್ತದೆ. ಡಿಫಾಲ್ಟ್‌ನಲ್ಲೂ ಒಂದು ಕೋರ್ ಮತ್ತೆಮತ್ತೆ ಎಡವಿದರೆ ಮಾತ್ರ ಚಿಂತಿಸಬೇಕು. ಆಗಲೂ ಎಸೆಯಬೇಕಿಲ್ಲ, ಮುಂದೆ ಹೇಳುವ ಕರ್ವ್ ಆಪ್ಟಿಮೈಸರ್‌ನಲ್ಲಿ ಆ ಒಂದು ಕೋರ್‌ಗೆ ಪಾಸಿಟಿವ್ 5 ಕೊಟ್ಟರೆ ಹಲವು ಸಲ ನಿಲ್ಲುತ್ತದೆ. ಇದುವರೆಗಿನ ಬ್ಲೂ ಸ್ಕ್ರೀನ್‌ಗಳ ಜಾತಕ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿದೆ: ಸಿಸ್ಟಂ ಲಾಗ್‌ನಲ್ಲಿ ‘ವೀಯಾ ಲಾಗರ್’ (WHEA-Logger) ಹುಡುಕಿ. ಈವೆಂಟ್ 18 ಎಂದಿದ್ದು ‘ಕ್ಯಾಶ್ ಹೈರಾರ್ಕಿ ಎರರ್’ ಅಂದಿದ್ದರೆ ಕೋರ್‌ಗೆ ವೋಲ್ಟೇಜ್ ಸಾಲಲಿಲ್ಲ ಎಂದು ಬಹುಮಟ್ಟಿಗೆ ಓದಿಕೊಳ್ಳಬಹುದು. ಈವೆಂಟ್ 19 ಎಂದಿದ್ದು ‘ಬಸ್’, ‘ಇಂಟರ್‌ಕನೆಕ್ಟ್’ ಎಂಬ ಪದ ಕಂಡರೆ ರ‍್ಯಾಮ್ ವೇಗದ ಕಡೆ ಅನುಮಾನಪಡಿ. ಅಲ್ಲೇ ಇರುವ ಎಪಿಐಸಿ (APIC ID) ಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ, ಉಳಿಕೆ ಬಿಟ್ಟು, ಸಾಮಾನ್ಯವಾಗಿ ಯಾವ ಕೋರ್ ಎಂದು ಸಿಗುತ್ತದೆ. ಎಣಿಕೆ ಸೊನ್ನೆಯಿಂದ ಶುರು.

ಡಿಫಾಲ್ಟ್‌ನಲ್ಲಿ ಎಕ್ಸ್‌ಎಂಪಿ ಮಾತ್ರ ಆನ್ ಮಾಡಿ ಬಿಟ್ಟುಬಿಡುವುದು ನಿಮ್ಮ ಮುಂದಿರುವ ಸುಲಭದ ದಾರಿ. ಇದರಲ್ಲಿ ಅಪಾಯವೇ ಇಲ್ಲ ಎನ್ನಬಹುದು. ಡಿಫಾಲ್ಟ್ ಕೊಟ್ಟಾಗ 3200 ರ‍್ಯಾಮ್ ಕಡಿಮೆ ವೇಗಕ್ಕೆ, ಹಲವು ಸಲ 2133 ಇಲ್ಲವೇ 2400ಕ್ಕೆ ಇಳಿದಿರುತ್ತದೆ, ಅದನ್ನು ಮರೆತರೆ ನಿಜಕ್ಕೂ ನಿಧಾನವಾಗುತ್ತದೆ.

ಇನ್ನೂ ಸ್ವಲ್ಪ ಹಿಂಡಬೇಕು ಎಂದರೆ ಈ ಪ್ರೊಸೆಸರ್‌ಗೆ ಒಪ್ಪುವ ಸರಿಯಾದ ದಾರಿ ಪಿಬಿಒ, ಅಂದರೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಜೊತೆಗೆ ಕರ್ವ್ ಆಪ್ಟಿಮೈಸರ್. ಇಲ್ಲಿ ವೇಗವನ್ನು ನೀವು ಬರೆಯುವುದಿಲ್ಲ. ಪ್ರತಿ ವೇಗಕ್ಕೂ ಪ್ರೊಸೆಸರ್ ಕೇಳುವ ವೋಲ್ಟೇಜ್ ಪಟ್ಟಿಯನ್ನು ಒಂದಿಷ್ಟು ಕೆಳಕ್ಕೆ ತಳ್ಳುತ್ತೀರಿ. ಕಾರ್ಖಾನೆಯ ಪಟ್ಟಿ ಆ ಮಾದರಿಯ ದುರ್ಬಲ ಚಿಪ್‌ಗೂ ಸಾಲುವಂತೆ ಧಾರಾಳವಾಗಿರುತ್ತದೆ. ವೋಲ್ಟ್ ಇಳಿದರೆ ಬಿಸಿ ಇಳಿಯುತ್ತದೆ, ಉಳಿದ ಜಾಗದಲ್ಲಿ ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುತ್ತದೆ. ಹೆಚ್ಚು ವೇಗ, ಕಡಿಮೆ ವೋಲ್ಟ್: ಬಳ್ಳಾರಿಯಂಥ ಊರಿಗೆ ಹೇಳಿಮಾಡಿಸಿದ್ದು.

ಶುರುಮಾಡುವ ಮುನ್ನ ಸ್ಟಾಕ್‌ನ ಅಂಕಿ ಬರೆದಿಟ್ಟುಕೊಳ್ಳಿ. ಸಿನಿಬೆಂಚ್ ಆರ್23 ಎಂಬ ವೇಗಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯು ಇನ್ಫೊ ಎಂಬ ತಂತ್ರಾಂಶದಲ್ಲಿ ಗರಿಷ್ಠ ಟೆಂಪರೇಚರ್, ಕೋರ್ ವೇಗ, ವೋಲ್ಟ್, ಪಿಪಿಟಿ (ಪ್ರೊಸೆಸರ್‌ಗೆ ಹೋಗುವ ಒಟ್ಟು ವಿದ್ಯುತ್) ವ್ಯಾಟ್ ನೋಡಿ. ಕೂಲರ್ ಚೆನ್ನಾಗಿದ್ದರೆ ಈ ಪ್ರೊಸೆಸರ್‌ನ ಅಂಕ ಸುಮಾರು 11,000ದ ಹತ್ತಿರ ಬರಬೇಕು. ತೀರ ಕೆಳಗಿದ್ದರೆ ಮೊದಲು ಕೂಲರ್ ಸರಿಮಾಡಿ. ಮದರ್‌ಬೋರ್ಡ್‌ನ ಬಯೋಸ್ ಹಳೆಯದಾಗಿದ್ದರೆ ಕರ್ವ್ ಆಪ್ಟಿಮೈಸರ್ ಕಾಣಿಸುವುದೇ ಇಲ್ಲ, ತಯಾರಕರ ಪುಟದಿಂದ ಹೊಸದನ್ನು ಹಾಕಿಕೊಳ್ಳಿ. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ನಂತರ ಬಯೋಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ‘ಎಎಂಡಿ ಓವರ್‌ಕ್ಲಾಕಿಂಗ್’ ತೆರೆದು, ಎಚ್ಚರಿಕೆಗೆ ಒಪ್ಪಿ, ಪಿಬಿಒವನ್ನು ‘ಅಡ್ವಾನ್ಸ್ಡ್’ ಮಾಡಿ. ಮಿತಿಗಳನ್ನು ‘ಮದರ್‌ಬೋರ್ಡ್’ ಎಂದು ಬಿಡಬೇಡಿ, ಅದು ಕಡಿವಾಣ ಬಿಚ್ಚಿದಂತೆ. ಡಬ್ಬಿಯ ಕೂಲರ್ ಇರುವವರೆಗೆ ಪಿಪಿಟಿ 76, ಟಿಡಿಸಿ (ನಿರಂತರ ಕರೆಂಟ್) 60, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 90 ಎಂಬ ಸ್ಟಾಕ್ ಅಂಕಿಗಳೇ ಇರಲಿ. ಕೂಲರ್ ಬದಲಿಸಿದಮೇಲೆ 95, 70, 100ರವರೆಗೆ ಹೋಗಬಹುದು. ಕರ್ವ್ ಆಪ್ಟಿಮೈಸರ್‌ನಲ್ಲಿ ‘ಆಲ್ ಕೋರ್ಸ್’, ‘ನೆಗೆಟಿವ್’, 10 ಎಂದು ಕೊಡಿ. ಒಂದು ಎಣಿಕೆ ಎಂದರೆ ಸುಮಾರು 3ರಿಂದ 5 ಮಿಲಿವೋಲ್ಟ್, ಗರಿಷ್ಠ 30. ಎರಡು ದಿನ ಮಾಮೂಲಿ ಕೆಲಸ, ಒಂದು ರಾತ್ರಿ ಕೋರ್‌ಸೈಕ್ಲರ್, ಆಮೇಲೆ 15, ಆಮೇಲೆ 20. ಎಡವಿದ ಕೋರ್ ಒಂದನ್ನೇ ಐದು ಎಣಿಕೆ ಹಿಂದಕ್ಕೆ ತನ್ನಿ. ರೈಜನ್ ಮಾಸ್ಟರ್ ತಂತ್ರಾಂಶದಲ್ಲಿ ನಕ್ಷತ್ರದ ಗುರುತಿರುವ ‘ಒಳ್ಳೆಯ’ ಕೋರ್‌ಗಳು ಸಾಮಾನ್ಯವಾಗಿ ಮೊದಲು ಎಡವುತ್ತವೆ. ಅವು ಆಗಲೇ ಕಡಿಮೆ ವೋಲ್ಟ್‌ನಲ್ಲಿ ಹೆಚ್ಚು ಓಡುವಂಥವು, ಇಳಿಸಲು ಅಲ್ಲಿ ಜಾಗ ಕಡಿಮೆ. ಅವಕ್ಕೆ 5ರಿಂದ 10, ಉಳಿದವಕ್ಕೆ 20ರ ಹತ್ತಿರ ಸಿಕ್ಕರೆ ಒಳ್ಳೆಯ ಫಲ. ‘ಬೂಸ್ಟ್ ಓವರ್‌ರೈಡ್’ ಸೊನ್ನೆಯಲ್ಲೇ ಇರಲಿ, ಎಲ್ಲ ನಿಂತಮೇಲೆ ಬೇಕಿದ್ದರೆ 50 ಮೆಗಾಹರ್ಟ್ಜ್. ಅಲ್ಲಿ 200ರವರೆಗೆ ಅವಕಾಶವಿದೆ ಎಂದು ಒಂದೇ ಸಲ 200 ಕೊಡುವುದು ಹಗುರ ಕೆಲಸದಲ್ಲಿ ಹ್ಯಾಂಗ್ ಆಗಲು ಖಚಿತ ದಾರಿ.

ಒಂದು ವಿಚಿತ್ರ ನೆನಪಿರಲಿ. ಕರ್ವ್ ಆಪ್ಟಿಮೈಸರ್ ಅತಿಯಾದಾಗ ಸಿನಿಬೆಂಚ್ ಸಲೀಸಾಗಿ ಪಾಸಾಗಿ, ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ಇಲ್ಲವೇ ಯೂಟ್ಯೂಬ್ ನೋಡುವಾಗ ರೀಸ್ಟಾರ್ಟ್ ಆಗುತ್ತದೆ. ಹಗುರ ಕೆಲಸದಲ್ಲೇ ಕೋರ್ ತುತ್ತತುದಿಯ ವೇಗಕ್ಕೆ ಹಾರುತ್ತದೆ, ವೋಲ್ಟ್ ಸಾಲದಿರುವುದು ಬಯಲಾಗುವುದೂ ಅಲ್ಲೇ. ‘ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಓಡಿತು, ಸ್ಥಿರವಾಗಿದೆ’ ಎಂಬ ಮಾತನ್ನು ಹಾಗಾಗಿ ಗಂಭೀರವಾಗಿ ತೆಗೆದುಕೊಳ್ಳಬೇಡಿ. ಸೆಟ್ಟಿಂಗ್ ಅತಿಯಾಗಿ ಪರದೆಯೇ ಬಾರದಿದ್ದರೆ ಗಾಬರಿ ಬೇಡ: ಪವರ್ ಕೇಬಲ್ ಕಿತ್ತು, ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಐದು ನಿಮಿಷ ತೆಗೆದು ಮತ್ತೆ ಹಾಕಿ, ಎಲ್ಲ ಡಿಫಾಲ್ಟ್‌ಗೆ ಬರುತ್ತದೆ.

ಇಷ್ಟೆಲ್ಲ ಮಾಡಿ, ಕೂಲರ್ ಕೂಡ ಬದಲಿಸಿದರೆ ಸಿಗುವುದು ಶೇಕಡಾ 5ರಿಂದ 8. ಒಂದು ಗಂಟೆಯ ರೆಂಡರ್‌ನಲ್ಲಿ ನಾಲ್ಕು ನಿಮಿಷ. ಇದು ಆಟಕ್ಕೆ, ಕುತೂಹಲಕ್ಕೆ ಚೆನ್ನ. ದುಡಿಯುವ ಕಂಪ್ಯೂಟರ್‌ಗೆ ಇದರಲ್ಲಿ ದೊಡ್ಡದೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಲಿಕ್ವಿಡ್ ಕೂಲರ್ ಬೇಡ, ನಿಮ್ಮ ಬೋರ್ಡಿಗಂತೂ ಬೇಡ. ಅಗ್ಗದ ಬಿ450ಎಂ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ, ಇದ್ದರೂ ಹೆಸರಿಗೆ. ಡಬ್ಬಿಯ ಕೂಲರ್ ಗಾಳಿಯನ್ನು ಕೆಳಮುಖವಾಗಿ ಊದುವುದರಿಂದ ಅವಕ್ಕೂ ಒಂದಿಷ್ಟು ಗಾಳಿ ಸಿಗುತ್ತಿತ್ತು. ಲಿಕ್ವಿಡ್ ಕೂಲರ್ ಹಾಕಿದರೆ ಪ್ರೊಸೆಸರ್ ತಣ್ಣಗೆ, ಮಾಸ್‌ಫೆಟ್‌ಗಳು ಗಾಳಿಯೇ ಇಲ್ಲದೆ ಕುದಿಯುತ್ತವೆ. 120 ಮಿಲಿಮೀಟರ್ ಫ್ಯಾನಿನ, ನಾಲ್ಕು ಹೀಟ್‌ಪೈಪ್‌ನ ಟವರ್ ಕೂಲರ್ ಸಾಕು. ಹಿಂಬದಿಯಲ್ಲಿ ಗಾಳಿ ಹೊರಹಾಕುವ ಫ್ಯಾನ್ ಒಂದಿದ್ದರೆ ಆ ಜಾಗದಲ್ಲೂ ಗಾಳಿಯಾಡುತ್ತದೆ. ಕೊಳ್ಳುವ ಮುನ್ನ ಕ್ಯಾಬಿನೆಟ್‌ನ ಒಳ ಅಗಲ ಅಳೆಯಿರಿ, ಇಂಥ ಕೂಲರ್‌ಗಳ ಎತ್ತರ 150ರಿಂದ 160 ಮಿಲಿಮೀಟರ್. ಆದರೂ 80 ಡಿಗ್ರಿ ತೋರಿಸಿದರೆ ಕೂಲರ್ ಮೋಸ ಎಂದುಕೊಳ್ಳಬೇಡಿ. ಕೋರ್‌ಗಳಿರುವ ಸಿಲಿಕಾನ್ ತುಂಡು ಸುಮಾರು 80 ಚದರ ಮಿಲಿಮೀಟರ್ ಅಷ್ಟೇ, ಅಷ್ಟು ಕಿರಿದಾದ ಜಾಗದಿಂದ ಬಿಸಿ ಮೇಲಕ್ಕೆ ಬರುವುದೇ ತಡ.

ಹಳೆಯ ಕೂಲರ್ ಬಿಚ್ಚುವಾಗ ಈ ಸಾಕೆಟ್‌ನಲ್ಲಿ ಒಂದು ಗಂಡಾಂತರವಿದೆ. ಒಣಗಿದ ಪೇಸ್ಟ್ ಅಂಟಿನಂತಾಗಿ, ಕೂಲರ್ ಎಳೆದರೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ. ಅದರ ತಳದಲ್ಲಿ 1331 ಪಿನ್‌ಗಳಿವೆ, ಬಗ್ಗಿದರೆ ಕಥೆ ಮುಗಿಯಿತು. ಹತ್ತು ನಿಮಿಷ ಸಿನಿಬೆಂಚ್ ಓಡಿಸಿ ಪೇಸ್ಟ್ ಬಿಸಿಯಾಗಲಿ, ಶಟ್‌ಡೌನ್ ಮಾಡಿ ಕೇಬಲ್ ಕಿತ್ತು ಕೂಡಲೇ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ. ಸಡಿಲವಾಯಿತು ಎಂದು ಕೈಗೆ ತಿಳಿದಮೇಲಷ್ಟೇ ಮೇಲೆತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರಸಿ, ಹೊಸದನ್ನು ನಡುವೆ ಕಡಲೆಕಾಳಿನಷ್ಟು ಇಡಿ. ಹರಡಬೇಕಿಲ್ಲ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ.

ರೆಂಡರ್ ವೇಗವೇ ನಿಮ್ಮ ನಿಜವಾದ ಚಿಂತೆಯಾದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ರೆಂಡರ್ ಮಾಡಿ. ಪ್ರೊಸೆಸರ್ 50 ಶೇಕಡಾದಲ್ಲಿದ್ದು ಗ್ರಾಫಿಕ್ಸ್ ಕಾರ್ಡ್ 95 ಮುಟ್ಟಿದ್ದರೆ ಪ್ರೊಸೆಸರನ್ನು ಎಷ್ಟು ಏರಿಸಿದರೂ ನಿಮಿಷ ಉಳಿಯದು. 16 ಜಿಬಿ ರ‍್ಯಾಮ್ ತುಂಬಿ ಡಿಸ್ಕ್ ಗಿಜಿಗುಡುತ್ತಿದ್ದರೆ ಇನ್ನೊಂದು 16 ಹಾಕಿಸಿ, ಸಾಧ್ಯವಾದಷ್ಟು ಅದೇ ಮಾದರಿಯದು. ಟೈಮ್‌ಲೈನ್ ಎಳೆದಾಡುವಾಗ ತಡವರಿಸುತ್ತಿದ್ದರೆ ಪ್ರಾಕ್ಸಿ ಫೈಲ್ (ಫೂಟೇಜ್‌ನ ಕಡಿಮೆ ಗುಣಮಟ್ಟದ ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡುವುದು ಯಾವ ಓವರ್‌ಕ್ಲಾಕ್‌ಗಿಂತಲೂ ದೊಡ್ಡ ಲಾಭ. ಆರೂ ಕೋರ್ ನಿಜಕ್ಕೂ 100ರಲ್ಲಿದ್ದರೆ ಇದೇ ಬೋರ್ಡಿಗೆ ಎಂಟು ಕೋರಿನ 5700ಎಕ್ಸ್ ಕೂರುತ್ತದೆ. ಅದರ ಮಿತಿಯೂ ಅದೇ 76 ವ್ಯಾಟ್, ಬೋರ್ಡಿಗೆ ಹೊರೆಯಿಲ್ಲ. ಹೊಸ ಕೂಲರ್ ಹೇಗೂ ಬೇಕು, ಅದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. 5600ಎಕ್ಸ್ ಮಾರಿದರೆ ಖರ್ಚಿನ ಒಂದು ಪಾಲು ಬರುತ್ತದೆ.

ವಾರಂಟಿ: ಡಬ್ಬಿಯ ಪ್ರೊಸೆಸರ್‌ಗೆ ಎಎಂಡಿ ಕೊಡುವುದು ಮೂರು ವರ್ಷ, 2022ರ ಖರೀದಿಯಾದ್ದರಿಂದ ಅದು ಹೇಗೂ ಮುಗಿದಿದೆ. ಹೊಸ ಪ್ರೊಸೆಸರ್ ಕೊಳ್ಳುವವರು ಮಾತ್ರ ತಿಳಿದಿರಬೇಕು: ಕೈಯಾರೆ ಏರಿಸುವುದಷ್ಟೇ ಅಲ್ಲ, ಪಿಬಿಒ ಆನ್ ಮಾಡಿ ಚಿಪ್ ಹಾಳಾದರೂ ಅದು ವಾರಂಟಿಯಲ್ಲಿ ಸೇರುವುದಿಲ್ಲ. ಬಯೋಸ್‌ನಲ್ಲಿ ನೀವು ಒಪ್ಪುವ ಎಚ್ಚರಿಕೆ ಅದೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡಬ್ಬಿಯಿಲ್ಲದೆ ಅಗ್ಗಕ್ಕೆ ಸಿಗುವ ಟ್ರೇ ಪ್ರೊಸೆಸರ್‌ಗಳಿಗೆ ಅಂಗಡಿಯವರ ಮಾತೇ ವಾರಂಟಿ, ಬಿಲ್‌ನಲ್ಲಿ ಬರೆಸಿಕೊಳ್ಳಿ.

ಕರೆಂಟ್ ಬಿಲ್ ಅಷ್ಟೇನೂ ಏರದು. ಗೋಡೆಯಿಂದ ಸುಮಾರು 40 ವ್ಯಾಟ್ ಹೆಚ್ಚು ಎಂದರೆ, ದಿನಕ್ಕೆ ಐದು ಗಂಟೆ ರೆಂಡರ್‌ಗೆ ತಿಂಗಳಿಗೆ ಆರು ಯೂನಿಟ್. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆಗೆ ಮಾತ್ರ ಅದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ 550 ವ್ಯಾಟ್ ಎಸ್‌ಎಂಪಿಎಸ್ ಒಳ್ಳೆಯ ಕಂಪನಿಯದಾದರೆ ಈ ಸಿಸ್ಟಂಗೆ ಧಾರಾಳ. ಇಕ್ಕಟ್ಟಾಗುವುದು ಯುಪಿಎಸ್‌ನಲ್ಲಿ: ಮನೆಗಳಲ್ಲಿರುವ 600 ವಿಎ ಯುಪಿಎಸ್ ನಿಜಕ್ಕೂ ಕೊಡುವುದು 360 ವ್ಯಾಟ್. ರೆಂಡರ್ ನಡುವೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲ ಸೇರಿ ಅದರ ಹತ್ತಿರ ಹೋಗಿರುವಾಗ ಕರೆಂಟ್ ಹೋದರೆ ಯುಪಿಎಸ್ ಬೀಪ್ ಅನ್ನುವ ಮೊದಲೇ ಎಲ್ಲ ಆಫ್ ಆಗಬಹುದು. ಡಿಫಾಲ್ಟ್‌ಗೆ ತಂದಮೇಲೆ ಒಮ್ಮೆ, ಫೈಲ್‌ಗಳನ್ನು ಸೇವ್ ಮಾಡಿಕೊಂಡು, ರೆಂಡರ್ ಓಡುತ್ತಿರುವಾಗಲೇ ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿ ನೋಡಿ. ಐದು ನಿಮಿಷ ತಡೆದರೆ ಅದು ಸಾಕು, ತಡೆಯದಿದ್ದರೆ ಕೂಲರ್‌ಗಿಂತ ಮೊದಲು 1000 ವಿಎ ಯುಪಿಎಸ್ ಕೊಳ್ಳಿ.